ಏಳು ನಿಮಿಷ ಕಡಿಮೆಯಿದ್ದ ಕ್ಯಾಸೆಟ್

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಅಫಜಲಪುರದಲ್ಲಿ ನಾವು ಚಿತ್ರ ತೋರಿಸಿದ ಕೋಣೆಯ ಬಾಗಿಲು ಹಸಿರು ಬಣ್ಣದ್ದೆಂದು ನನಗೆ ನೆನಪು. ನನ್ನ ದಿನಚರಿ ಬೇರೆ ಹೇಳುತ್ತದೆ: ಆ ಕೋಣೆಗೆ ಬಾಗಿಲೇ ಇರಲಿಲ್ಲ, ಬೆಳಕು ತಡೆಯಲು ಜಮಖಾನೆ ಕಟ್ಟಿದೆವು. ಹಾಗಾದರೆ ಹಸಿರು ಬಾಗಿಲು ಯಾವ ಊರಿನದು? ಗೊತ್ತಿಲ್ಲ. ದಿನಚರಿಯನ್ನಾದರೂ ನಂಬೋಣವೆಂದರೆ ಅದನ್ನು ಬರೆದವಳೂ ನಾನೇ. ಬರೆಯುವಾಗ ನನಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವಿತ್ತು. ಅಂಥವರು ಬರೆದ ದಿನಚರಿಯನ್ನು ಎಚ್ಚರದಿಂದ ಓದಬೇಕು.

ನಾನು ಒಂದು ವಿಶ್ವವಿದ್ಯಾಲಯದ ದೃಶ್ಯ ಶ್ರವಣ ವಿಭಾಗದಲ್ಲಿದ್ದೆ. ಟಿ.ವಿ., ವಿಡಿಯೋ ಪ್ಲೇಯರ್, ಮೈಕು, ಸ್ಪೀಕರುಗಳನ್ನು ಜೀಪಿನಲ್ಲಿ ಹಾಕಿಕೊಂಡು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕಾಲೇಜುಗಳಿಗೆ ಹೋಗಿ, ಜಗತ್ತಿನ ಒಳ್ಳೆಯ ಚಿತ್ರಗಳನ್ನು ತೋರಿಸಿ ಕನ್ನಡದಲ್ಲಿ ವಿವರಿಸುವುದು ನನ್ನ ಕೆಲಸ. ಆ ಹುದ್ದೆಗೆ ಈಗ ಹೊಸ ಹೆಸರು ಬಂದಿದೆ. ಅದಕ್ಕೆ ಸೇರಿದ ಒಬ್ಬ ಹುಡುಗಿ ಕಳೆದ ತಿಂಗಳು ಮನೆಗೆ ಬಂದು, "ಮೇಡಂ, ನಿಮ್ಮ ಅನುಭವ ಹೇಳಿ" ಎಂದು ವಹಿ ತೆರೆದು ಕೂತಳು. ಚಹಾ ಕೊಟ್ಟು, ಎಲ್ಲರೂ ಹೇಳುವಂಥ ನಾಲ್ಕು ಮಾತು ಹೇಳಿ ಕಳಿಸಿದೆ. ಅವಳು ಅವನ್ನೂ ಬರೆದುಕೊಂಡಳು. ಅವಳು ಹೋದ ಮೇಲೆ ನಾಚಿಕೆಯಾಯಿತು. ಹೇಳಬೇಕಾಗಿದ್ದು ಇದು.

ಒಂದೇ ಚಿತ್ರದ ಬಗ್ಗೆ ಬರೆಯುತ್ತೇನೆ. ಅದು ಹಳೆಯ, ಕಪ್ಪು ಬಿಳುಪಿನ ಫ್ರೆಂಚ್ ಚಿತ್ರ. ಅದನ್ನು ಕ್ಯಾಸೆಟ್ಟಿನಲ್ಲಿ, ಆಮೇಲೆ ಡಿ.ವಿ.ಡಿ.ಯಲ್ಲಿ, ನಿವೃತ್ತಿಯಾದ ಮೇಲೆ ಹೊಸದಾಗಿ ದುರಸ್ತಿ ಮಾಡಿದ ಡಿಸ್ಕಿನಲ್ಲಿ, ಹೀಗೆ ಮೂರು ರೂಪಗಳಲ್ಲಿ ನೋಡಿದ್ದೇನೆ. ಮೂರನ್ನೂ ಹೋಲಿಸಿ ನೋಡಿದ ಮೇಲೆ ನನಗೊಂದು ಸಂಶಯ ಹುಟ್ಟಿದೆ. ನನ್ನ ತಂಗಿ ಕಸ್ತೂರಿ, ಗಂಡ ಬಿಟ್ಟುಹೋದ ಮೇಲೆ ತಾನಾಗಿ ಬಂದ ಒಂದು ಒಳ್ಳೆಯ ಸಂಬಂಧವನ್ನು ಬೇಡವೆಂದದ್ದು ಆ ಚಿತ್ರದ ಬಗ್ಗೆ ನಾನು ಹೇಳಿದ ಮಾತಿನಿಂದ ಇರಬಹುದೆ? ನಾನು ಹೇಳಿದ್ದು ಸುಳ್ಳಾಗಿತ್ತು.

ಚಿತ್ರದ ಕತೆ ಸಣ್ಣದು. ದೊಡ್ಡ ಕಾಲುವೆಯೊಂದರಲ್ಲಿ ಸರಕು ದೋಣಿಗಳು ಓಡಾಡುತ್ತವೆ. ನೆಲ ಇಳಿಜಾರಾಗುವ ಕಡೆ ಎರಡು ಗೇಟುಗಳ ಒಂದು ಕಟ್ಟೆ ಇದೆ. ದೋಣಿ ಆ ಎರಡು ಗೇಟುಗಳ ನಡುವೆ ಬಂದು ನಿಲ್ಲಬೇಕು, ನೀರು ಇಳಿಯಬೇಕು, ಆಮೇಲೆ ಕೆಳಗಿನ ಕಾಲುವೆಗೆ ಸಾಗಬೇಕು. ಗೇಟು ಕಾಯುವವನು ಪಟ್ಟಣಕ್ಕೆ ದುಡಿಯಲು ಹೋದವನು ತಿರುಗಿ ಬರುವುದಿಲ್ಲ. ಅವನ ಹೆಸರಿನಲ್ಲಿ ಹೆಂಡತಿಯೇ ಗೇಟು ನಡೆಸುತ್ತಾಳೆ. ಒಬ್ಬ ದೋಣಿಯವ ಪ್ರತಿ ಹಂಗಾಮಿನಲ್ಲೂ ಬಂದು, ನನ್ನ ಜೊತೆ ಬಾ ಎನ್ನುತ್ತಾನೆ. ಅವಳು ಉತ್ತರ ಕೊಡುವುದಿಲ್ಲ. ಕೊನೆಯಲ್ಲಿ ಅವನ ದೋಣಿ ಬರುತ್ತದೆ, ಅವಳು ಚಕ್ರ ತಿರುಗಿಸಿ ಗೇಟು ಮುಚ್ಚುತ್ತಾಳೆ. ನಮ್ಮ ಕ್ಯಾಸೆಟ್ಟು ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಹುಡುಗರು ಅವಳಿಗೆ ಗೇಟಕ್ಕ ಎಂದು ಹೆಸರಿಟ್ಟಿದ್ದರು.

ಆಗಿನ ಕೆಲಸದ ರೀತಿ ಹೇಳಬೇಕು. ಚಿತ್ರದ ಮಾತು ಫ್ರೆಂಚ್, ಕೆಳಗೆ ಓಡುವ ಅಕ್ಷರ ಇಂಗ್ಲಿಷ್. ಭೂಸನೂರಿನಿಂದಲೋ ಯಡ್ರಾಮಿಯಿಂದಲೋ ಬರುವ ಹುಡುಗರಿಗೆ ಆ ಅಕ್ಷರ ಓದಲು ಪುರುಸೊತ್ತು ಸಿಗುತ್ತಿರಲಿಲ್ಲ. ಆದ್ದರಿಂದ ನಾನು ಇಡೀ ಚಿತ್ರದ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಂಡು, ಟಿ.ವಿ. ಪಕ್ಕದಲ್ಲಿ ಕೂತು ಮೈಕಿನಲ್ಲಿ ಓದುತ್ತಿದ್ದೆ. ನನ್ನ ದನಿ ಕೇಳಲೆಂದು ನಮ್ಮ ಜೀಪ್ ಚಾಲಕ, ತಂತ್ರಜ್ಞ ಎರಡೂ ಆಗಿದ್ದ ಮೆಹಬೂಬ್, ಟಿ.ವಿ.ಯ ದನಿಯನ್ನು ಪೂರ್ತಿ ಇಳಿಸಿಬಿಡುತ್ತಿದ್ದ. ಎಷ್ಟೋ ವರ್ಷ ನಾನು ಕಲಿಸಿದ ಚಿತ್ರವನ್ನು ನಾನು ಒಮ್ಮೆಯೂ ಕಿವಿಯಿಂದ ಕೇಳಿರಲಿಲ್ಲ. ಇದು ವಿಚಿತ್ರ ಎಂದು ನನಗಾಗಲಿ ನಮ್ಮ ಮುಖ್ಯಸ್ಥರಾದ ಪಾಟೀಲ ಸರ್‌ಗಾಗಲಿ ಯಾವತ್ತೂ ಅನಿಸಲಿಲ್ಲ.

ಕ್ಯಾಸೆಟ್ಟು ಯಾರೋ ಯಾರಿಂದಲೋ ಪ್ರತಿ ಮಾಡಿಸಿದ್ದು. ಅಕ್ಷರಗಳು ಬಿಳಿ. ಗೇಟಕ್ಕ ಬಟ್ಟೆ ಒಣಹಾಕುವ ಒಂದು ದೃಶ್ಯವಿದೆ. ಹಿಂದೆ ಬಿಳಿ ಚಾದರಗಳು, ಮುಂದೆ ಬಿಳಿ ಅಕ್ಷರ, ಏನೂ ಕಾಣುತ್ತಿರಲಿಲ್ಲ. ಅವಳ ತುಟಿ ಮಾತ್ರ ಅಲುಗಾಡುತ್ತಿತ್ತು. ಮೂರು ಸಲ ಹಿಂದೆ ಮುಂದೆ ತಿರುಗಿಸಿ ನೋಡಿ, ಕೊನೆಗೆ ನಾನೇ ಬರೆದೆ: "ಈ ನೀರು ಎಲ್ಲರನ್ನೂ ದಾಟಿಸುತ್ತದೆ, ನನ್ನೊಬ್ಬಳನ್ನು ಬಿಟ್ಟು." ಹುಡುಗಿಯರು ಇದನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಒಬ್ಬ ಅಧ್ಯಾಪಕರು ತಮ್ಮ ಭಾಷಣದಲ್ಲಿ ಬಳಸಿದರು. ಮುಂದೆ ಡಿ.ವಿ.ಡಿ. ಬಂದಾಗ ಅದರಲ್ಲಿ ಅಕ್ಷರ ಹಳದಿ, ಚಾದರದ ಮೇಲೂ ಸ್ಪಷ್ಟವಾಗಿ ಓದಬಹುದಿತ್ತು. ಅವಳು ಸಾಬೂನು ಯಾವತ್ತು ಬರುತ್ತದೆ ಎಂದು ಅಂಗಡಿಯವನನ್ನು ಕೇಳುತ್ತಿದ್ದಳು, ಅಷ್ಟೆ.

ಆಳಂದದಲ್ಲಿ ಒಮ್ಮೆ ಚಿತ್ರದ ನಡುವೆ ಕರೆಂಟು ಹೋಯಿತು. ತಿರುಗಿ ಬಂದಾಗ ಮೆಹಬೂಬ್ ಟೇಪನ್ನು ಅಂದಾಜಿನಲ್ಲಿ ಮುಂದೆ ಓಡಿಸಿ ಹಚ್ಚಿದ. ನನಗೆ ತಿಳಿಯಲಿಲ್ಲ. ನಾನು ಬಿಟ್ಟಲ್ಲಿಂದಲೇ ಓದುತ್ತಾ ಹೋದೆ. ಪರದೆಯ ಮೇಲೆ ಅವಳು ಕೋಳಿಗೆ ಕಾಳು ಹಾಕುತ್ತಿದ್ದರೆ, ಮೈಕಿನಲ್ಲಿ ಗಂಡನ ಮೇಲೆ ಸಿಟ್ಟಿನ ಮಾತು. ದೋಣಿಯವನು ಪ್ರೀತಿಯಿಂದ ನೋಡುತ್ತಿದ್ದರೆ, ಮೈಕಿನಲ್ಲಿ ತೆರಿಗೆ ಅಧಿಕಾರಿಯ ಗದರಿಕೆ. ಸುಮಾರು ಕಾಲು ಗಂಟೆ ಹೀಗೇ ನಡೆಯಿತು. ಚರ್ಚೆಯಲ್ಲಿ ಒಬ್ಬ ಅಧ್ಯಾಪಕರು ಎದ್ದು ನಿಂತು, ಮಾತಿಗೂ ದೃಶ್ಯಕ್ಕೂ ನಿರ್ದೇಶಕ ಬೇಕೆಂದೇ ಸಂಬಂಧ ತಪ್ಪಿಸಿದ್ದಾನೆ, ಇದೇ ಆಧುನಿಕತೆ ಎಂದರು. ನಾನು ಹೌದೆಂದು ತಲೆ ಆಡಿಸಿದೆ.

ಜೀಪಿನಲ್ಲಿ ಮೆಹಬೂಬ್ ಕೇಳಿದ. "ಬಾಯಾರ, ಕೋಳಿ ಸೀನಿಗಿ ಬೈಗುಳ ಯಾಕ ಹೊಡ್ದ್ರಿ?"

"ನೀ ಟೇಪ್ ಎಲ್ಲಿ ಬಿಟ್ಟಿದ್ದಿ?"

"ನಾ ಬರೋಬ್ಬರಿ ಬಿಟ್ಟಿನ್ರಿ. ನೀವ ಹಿಂದ ಉಳದ್ರಿ." ಆಮೇಲೆ ತಾನೇ ನಕ್ಕ. "ಜಾನೇ ದೋ ಬಾಯಾರ. ಮಂದಿಗಿ ಏನ್ ತಿಳೀತದ."

ಆ ಮಾತಿಗೆ ನಾನೂ ನಕ್ಕೆ. ಈ ಕೆಲಸಕ್ಕೆ ಸೇರುವವರಿಗೆ ಹೇಳುತ್ತೇನೆ: ಮಂದಿಗೆ ಏನು ತಿಳಿಯುತ್ತದೆ ಎಂದು ಮೊದಲ ಸಲ ನಕ್ಕ ದಿನವೇ ನೀವು ಕೆಟ್ಟಿರಿ.

ಕ್ಯಾಸೆಟ್ಟಿನ ರಟ್ಟಿನ ಮೇಲೆ ಚಿತ್ರದ ಅವಧಿ ತೊಂಬತ್ತೆಂಟು ನಿಮಿಷ ಎಂದಿತ್ತು. ನನ್ನ ಕೈಗಡಿಯಾರದಲ್ಲಿ ಪ್ರತಿ ಸಲವೂ ತೊಂಬತ್ತೊಂದು. ಮೊದಲ ತಿಂಗಳಲ್ಲೇ ಇದನ್ನು ಪಾಟೀಲ ಸರ್ ಮುಂದೆ ಇಟ್ಟೆ. ಅವರು ಪೇಪರಿನಿಂದ ತಲೆ ಎತ್ತಿ ಹೇಳಿದರು: "ಸಿನಿಮಾ ವಿಡಿಯೋಕ್ಕ ಹಾಕಿದ್ರ ಜರಾ ಜೋರ್ ಓಡ್ತದ. ಹಂಗಾಗಿ ಕಡಿಮಿ ಆಗ್ತದ. ಎಲ್ಲಾ ಕಡಿ ಹಿಂಗೇ."

ಅದು ನಿಜ. ಸಿನಿಮಾ ರೀಲು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರದಂತೆ ಓಡಿದರೆ ನಮ್ಮ ವಿಡಿಯೋ ಇಪ್ಪತ್ತೈದರಂತೆ ಓಡಿಸುತ್ತದೆ. ಹಾಗೆ ಲೆಕ್ಕ ಹಾಕಿದರೆ ತೊಂಬತ್ತೆಂಟು ನಿಮಿಷದ ಚಿತ್ರದಲ್ಲಿ ನಾಲ್ಕು ನಿಮಿಷ ಕಡಿಮೆಯಾಗಬೇಕು. ಏಳು ಆಗಬಾರದು. ಒಂದು ಭಾಗಾಕಾರ ಮಾಡಿದ್ದರೆ ಮೂರು ನಿಮಿಷ ಎಲ್ಲಿ ಹೋಯಿತು ಎಂದು ಕೇಳಬೇಕಾಗುತ್ತಿತ್ತು. ನಾನು ಎಂ.ಎ. ಓದಿದವಳು. ಭಾಗಾಕಾರ ಮಾಡಲಿಲ್ಲ. ದಿನಚರಿಯಲ್ಲಿ, "ಸರ್ ಸಮಾಧಾನಕರ ಉತ್ತರ ಕೊಟ್ಟರು" ಎಂದು ಬರೆದಿದ್ದೇನೆ.

ಇನ್ನು ಅಫಜಲಪುರ. ಅಲ್ಲಿನ ಕಾಲೇಜಿನ ಪ್ರಾಚಾರ್ಯರು ಚಿತ್ರವನ್ನು ಮುಂಚೆಯೇ ನೋಡಬೇಕೆಂದರು. ಗೇಟಕ್ಕ ತೊಟ್ಟಿಯಲ್ಲಿ ಸ್ನಾನ ಮಾಡುವ ದೃಶ್ಯ ಬಂತು. ಬೆನ್ನು ಬಿಟ್ಟರೆ ಏನೂ ಕಾಣದು. ಆದರೂ ಅವರ ಮುಖ ಕೆಂಪಾಯಿತು. "ಇದನ್ ಓಡಿಸ್ರಿ, ಜಲ್ದಿ ಓಡಿಸ್ರಿ" ಎಂದರು. ಪ್ರದರ್ಶನದ ಹೊತ್ತಿಗೆ ಮೆಹಬೂಬ್ ಅಷ್ಟು ಭಾಗವನ್ನು ವೇಗವಾಗಿ ಓಡಿಸಿದ. ಟೇಪು ವೇಗವಾಗಿ ಓಡಿದರೂ ಚಿತ್ರ ಕಾಣುತ್ತಿರುತ್ತದೆ ಎಂಬುದು ಪ್ರಾಚಾರ್ಯರಿಗೆ ಗೊತ್ತಿರಲಿಲ್ಲ. ಗೇಟಕ್ಕ ಗಿರಗಿಟ್ಲೆಯಂತೆ ಸ್ನಾನ ಮಾಡಿ ಎದ್ದಳು. ಕೋಣೆಯೆಲ್ಲ ಸಿಳ್ಳೆ. ಪ್ರಾಚಾರ್ಯರು ಓಡಿಬಂದು ತಮ್ಮ ಹೆಗಲ ಮೇಲಿನ ಟವೆಲನ್ನು ಟಿ.ವಿ. ಮೇಲೆ ಹಾಕಿದರು. ಮುಂದೆ ಎಲ್ಲ ಊರುಗಳಲ್ಲೂ ನಮ್ಮ ಪೆಟ್ಟಿಗೆಯಲ್ಲಿ ಒಂದು ಟವೆಲು ಇರುತ್ತಿತ್ತು. ಚಿತ್ರದ ಯಾವ ಭಾಗ ಮಂದಿ ನೋಡಬೇಕು, ಯಾವುದು ಬೇಡ ಎಂದು ನಿರ್ಧರಿಸುವವರಲ್ಲಿ ನಾನೂ ಒಬ್ಬಳಾದೆ. ಅದರಲ್ಲಿ ಒಂದು ಸುಖವಿತ್ತು ಎಂಬುದನ್ನು ಮುಚ್ಚಿಡಲಾರೆ.

ಅದೇ ದಿನ, ಚಿತ್ರ ಮುಗಿದ ಮೇಲೆ, ಹಿಂದಿನ ಸಾಲಿನಿಂದ ಒಬ್ಬ ನಡುವಯಸ್ಸಿನ ಮನುಷ್ಯ ಎದ್ದು ನಿಂತ. ಖಾಕಿ ಅಂಗಿ, ಕೈಯಲ್ಲಿ ಸೈಕಲ್ಲಿನ ಕೀಲಿ. ಮಗಳನ್ನು ಕರೆದೊಯ್ಯಲು ಬಂದವನು ಅಲ್ಲೇ ಕೂತು ಚಿತ್ರ ನೋಡಿದ್ದ. ಭೀಮಾ ನದಿಯ ಬ್ಯಾರೇಜಿನಲ್ಲಿ ಗೇಟು ಎತ್ತಿ ಇಳಿಸುವ ಕೆಲಸ. ಹೆಸರು ಶರಣಪ್ಪ ಎಂದು ದಿನಚರಿಯಲ್ಲಿದೆ.

"ಬಾಯಾರ, ಒಂದ್ ಮಾತ್ ಕೇಳ್ಲೇನ್ರಿ?"

"ಕೇಳಿ."

"ದೋಣಿ ಒಳಗ ಬಂತು. ಆಕಿ ಹಿಂದಿನ ಗೇಟ್ ಹಾಕಿದ್ಲು. ಖರೆ ಹೌದಲ್ರಿ?"

"ಹೌದು."

"ಮುಂದಿನ ಗೇಟ್ ಇನ್ನಾ ತೆಗ್ದಿಲ್ಲ. ಅಂದ್ರ ದೋಣಿ ಒಳಗೇ ಅದ. ನೀವು ಅಂವ ಹೊರಗ ಉಳ್ದ ಅಂದ್ರಿ. ಹೊರಗ ಹೆಂಗ ಉಳೀತಾನ್ರಿ? ಈಗ ನೀರ ಇಳೀಬೇಕು, ಬಾವ್ಯಾಗ ಕೊಡ ಇಳ್ದಂಗ ದೋಣಿ ಇಳೀಬೇಕು, ಆಮ್ಯಾಲ ಮುಂದಿನ ಗೇಟ್ ತೆಗೀಬೇಕು. ಆಕಿ ಕೆಲಸ ಅರ್ಧಕ್ಕ ನಿಂತದ. ನಿಮ್ಮ ಸಿನಿಮಾ ಮುಗ್ದಿಲ್ರಿ."

ನಾನು ಮುಗುಳ್ನಕ್ಕೆ. ಹುಡುಗರೂ ನಕ್ಕರು. "ನೋಡಿ, ಇದು ಕಲೆ. ಕಲೆಯಲ್ಲಿ ಗೇಟು ಅಂದರೆ ಗೇಟಲ್ಲ, ಅದೊಂದು ಸಂಕೇತ" ಎಂದೆ.

"ಗೇಟ್ ಅಂದ್ರ ಗೇಟಲ್ಲೇನ್ರಿ?" ಅವನು ಕೀಲಿಯನ್ನು ಜೇಬಿಗೆ ಇಳಿಸಿದ. "ನಾಳಿ ನಮ್ಮ ಇಂಜಿನಿಯರ್ ಸಾಹೇಬ್ರಿಗಿ ಇದೇ ಹೇಳ್ತೇನ್ರಿ. ನೌಕರಿ ಉಳದ್ರ ಮತ್ತ ಬರ್ತೇನಿ."

ಈಗ ಇಡೀ ಕೋಣೆ ನಕ್ಕಿತು, ಈ ಸಲ ಅವನ ಪರವಾಗಿ. ಅವನು ಮಗಳನ್ನು ಕರೆದುಕೊಂಡು ಹೋದ. "ಒಬ್ಬ ಗೇಟಿನವನಿಂದ ಮಜವಾದ ಪ್ರಶ್ನೆ" ಎಂದು ಆ ದಿನ ಬರೆದಿದ್ದೇನೆ. ಅದರ ಕೆಳಗೆ ಪ್ರಾಚಾರ್ಯರ ಟವೆಲಿನ ಬಗ್ಗೆ ಒಂದು ಪುಟವಿದೆ.

"ಅವನು ಹೊರಗೆ ಉಳಿದ" ಎಂಬ ಮಾತಿನ ಬಗ್ಗೆ ಒಂದು ತಪ್ಪೊಪ್ಪಿಗೆ. ಚಿತ್ರದ ಕೊನೆಯ ದೃಶ್ಯದಲ್ಲಿ ಯಾರೂ ಮಾತಾಡುವುದಿಲ್ಲ. ಅಕ್ಷರವೂ ಇಲ್ಲ. ಆದರೆ ಮೈಕು ಹಿಡಿದವರಿಗೆ ಮೌನ ತಡೆಯಲಾಗುವುದಿಲ್ಲ. ನಾನು ಬರೆದು ಸೇರಿಸಿಕೊಂಡಿದ್ದೆ: "ಗೇಟು ಮುಚ್ಚಿತು. ಅವನು ಹೊರಗೆ ಉಳಿದ. ಅವಳು ತನ್ನ ಬಾಳಿಗೆ ತಾನೇ ಒಡತಿಯಾದಳು." ಇದನ್ನು ನಿಧಾನವಾಗಿ, ದನಿ ಇಳಿಸಿ ಓದುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು.

ಮರುವಾರ ಜೇವರ್ಗಿ. ಕಸ್ತೂರಿ ಅಲ್ಲೇ ಇದ್ದಳು. ನಮ್ಮ ತವರು ಆಳಂದದ ಕಡೆಯ ಹಿರೋಳ್ಳಿ. ಅವಳನ್ನು ಜೇವರ್ಗಿಗೆ ಕೊಟ್ಟಿತ್ತು. ಗಂಡ ಪುಣೆಗೆ ಕೆಲಸಕ್ಕೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಮಕ್ಕಳಿರಲಿಲ್ಲ. ಅವಳು ತವರಿಗೆ ಬರದೆ ಹೊಲಿಗೆ ಯಂತ್ರ ಇಟ್ಟುಕೊಂಡು ಅಲ್ಲೇ ಉಳಿದಳು. ಆ ಸುಮಾರಿಗೆ ಯಡ್ರಾಮಿಯ ದನದ ದವಾಖಾನೆಯ ಕಂಪೌಂಡರ್ ಒಬ್ಬರು, ಹೆಂಡತಿ ತೀರಿಕೊಂಡವರು, ಅವ್ವನ ಬಳಿ ಹಿರಿಯರನ್ನು ಕಳಿಸಿದ್ದರು. ನಮ್ಮಲ್ಲಿ ಗಂಡ ಸತ್ತವಳಿಗೂ ಬಿಟ್ಟವಳಿಗೂ ಉಡಕಿ ಇದೆ. ದೊಡ್ಡ ಮದುವೆಯ ಗದ್ದಲವಿಲ್ಲ. ನಾಲ್ಕು ಜನರ ಎದುರು ಸೀರೆ ಉಡಿಸಿ ಕರೆದೊಯ್ದರೆ ಸಂಸಾರವಾಯಿತು. ಓದಿದ ನನಗೆ ಅದು ಹಿಂದಿನ ಕಾಲದ ಸಂಗತಿ ಅನಿಸುತ್ತಿತ್ತು. ಗಂಡು ಎಂಥವನು ಎಂದು ನಾನು ಕೇಳಲೂ ಇಲ್ಲ.

ಕಸ್ತೂರಿಯನ್ನು ಪ್ರದರ್ಶನಕ್ಕೆ ನಾನೇ ಕರೆದೆ. ಹುಡುಗಿಯರ ಸಾಲಿನ ತುದಿಯಲ್ಲಿ, ಹೊಲಿಗೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಓದಿದೆ. ನೀರು ಎಲ್ಲರನ್ನೂ ದಾಟಿಸುತ್ತದೆ, ನನ್ನೊಬ್ಬಳನ್ನು ಬಿಟ್ಟು. ಗೇಟು ಮುಚ್ಚಿತು. ಅವನು ಹೊರಗೆ ಉಳಿದ. ಅವಳು ಒಡತಿಯಾದಳು. ಶರಣಪ್ಪನ ಪ್ರಶ್ನೆ ಕೇಳಿ ಎಂಟು ದಿನವೂ ಆಗಿರಲಿಲ್ಲ. ಅದು ಆಗ ನೆನಪಾಯಿತೇ? ಆಗಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಆಗಿರಬೇಕು. ಆ ವಾರ ಮನೆಯಲ್ಲಿ ಅವನ ಮಾತನ್ನು ಅಣಕಿಸಿ ಎಲ್ಲರನ್ನೂ ನಗಿಸಿದ್ದೆ.

ತಂಗಿಯ ಜೊತೆ ನಡೆಯಲೆಂದು ಜೀಪನ್ನು ಮುಂದೆ ಕಳಿಸಿದ್ದೆ. ಬಸ್ ನಿಲ್ದಾಣಕ್ಕೆ ನಡೆಯುವಾಗ ಅವಳು ಕೇಳಿದಳು. "ಯಕ್ಕಾ, ಆಕಿ ಆಮ್ಯಾಲ ಏನ್ ಮಾಡ್ತಾಳ?"

"ಏನ್ ಮಾಡ್ತಾಳ, ತನ್ನ ಕೆಲಸ ಮಾಡ್ಕೋತ ಇರ್ತಾಳ."

"ಒಬ್ಬಾಕಿನೇ?"

"ಒಬ್ಬಾಕಿನೇ. ಅದ್ರಾಗೇನ್ ಕಡಿಮಿ?"

ಹೀಗೆ ಹೇಳಿ ನಾನು ಬಸ್ ಹತ್ತಿದೆ. ಗಂಡ, ಇಬ್ಬರು ಮಕ್ಕಳು ಇದ್ದ ಮನೆಗೆ ಹೋದೆ. ಅವಳು ಒಬ್ಬಳೇ ಇದ್ದ ಮನೆಗೆ ಹೋದಳು.

ಕೆಲವು ದಿನದ ಮೇಲೆ ಅವ್ವ ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಏನ್ ಕಲಿಸಿದಿ ಬೇ ಆಕಿಗಿ? ಒಲ್ಲೆ ಅಂದಾಳ. ನಾ ಒಬ್ಬಾಕಿನೇ ಇರ್ತೇನಿ, ಅದ್ರಾಗೇನ್ ಕಡಿಮಿ ಅಂತಾಳ."

"ನಾ ಏನ್ ಕಲಿಸ್ಲಿ ಬೇ? ಆಕಿ ಸಣ್ಣಾಕೇನು?"

"ಅಂವ ಛಲೋ ಮನಶ್ಯಾ ಅದಾನ. ದನಕ್ಕ ಸೂಜಿ ಚುಚ್ಚಾಗೂ ಮೈ ಸವರಿ ಚುಚ್ತಾನಂತ. ಇಂಥಾಂವ ಮತ್ತ ಸಿಗ್ತಾನೇನ?" ಅವ್ವ ಅತ್ತಳು.

ಆ ದಿನದ ದಿನಚರಿಯಲ್ಲಿ ಮೂರು ಸಾಲಿವೆ. ಕಸ್ತೂರಿ ಬೇಡ ಎಂದಳಂತೆ. ಅವ್ವ ಅತ್ತಳು. ನನಗೆ ಹೆಮ್ಮೆ ಎನಿಸಿತು.

ಹೆಮ್ಮೆ ಅಲ್ಲಿಗೆ ನಿಲ್ಲಲಿಲ್ಲ. ಈ ಸಂಗತಿಯನ್ನು ಹೆಸರು ಹೇಳದೆ ಪಾಟೀಲ ಸರ್‌ಗೆ ತಿಳಿಸಿದೆ. ಅವರು ಮೇಜು ಕುಟ್ಟಿ, "ಇದನ್ನ ವರದಿಯೊಳಗ ಹಾಕ್ರಿ. ಇಂಥಾದ್ದೇ ಬೇಕಾಗಿತ್ತು" ಎಂದರು. ಆ ವರ್ಷದ ವರದಿಯಲ್ಲಿ "ಮಹಿಳಾ ಜಾಗೃತಿ" ಎಂಬ ತಲೆಬರಹದ ಕೆಳಗೆ ನನ್ನ ತಂಗಿ ಇದ್ದಾಳೆ: ಚಿತ್ರ ನೋಡಿ ಪ್ರೇರಣೆಗೊಂಡು ಮರುಮದುವೆಯ ಒತ್ತಡವನ್ನು ಧೈರ್ಯದಿಂದ ನಿರಾಕರಿಸಿದ ಜೇವರ್ಗಿ ತಾಲೂಕಿನ ಓರ್ವ ಮಹಿಳೆ. ಆ ವಾಕ್ಯ ನಾನೇ ಬರೆದದ್ದು. ಒತ್ತಡ ಎಲ್ಲಿತ್ತು? ಒಬ್ಬ ಕಂಪೌಂಡರ್ ಹಿರಿಯರನ್ನು ಕಳಿಸಿ ಕೇಳಿಸಿದ್ದ.

ಡಿ.ವಿ.ಡಿ. ಬಂದಾಗ ಕಾಲ ಬದಲಾಗಿತ್ತು. ಮೆಹಬೂಬ್ ಬೇರೆ ವಿಭಾಗಕ್ಕೆ ಹೋಗಿದ್ದ. ಕ್ಯಾಸೆಟ್ಟಿನಲ್ಲಿ ಚಿತ್ರದ ಎರಡೂ ಬದಿಗಳನ್ನು ಟಿ.ವಿ.ಯ ಅಳತೆಗೆ ಕತ್ತರಿಸಿದ್ದರೆಂದು ಆಗ ತಿಳಿಯಿತು. ಡಿ.ವಿ.ಡಿ.ಯಲ್ಲಿ ಚಿತ್ರ ಅಗಲವಾಗಿತ್ತು. ಒಂದು ಮಧ್ಯಾಹ್ನ, ಕಚೇರಿಯ ಕಂಪ್ಯೂಟರಿನಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ಚಿತ್ರವನ್ನು ಕೇಳಿದೆ. ಗೇಟಕ್ಕನ ದನಿ ನಾನು ಓದುತ್ತಿದ್ದ ದನಿಯಂತೆ ಗಂಭೀರವಾಗಿರಲಿಲ್ಲ. ಸ್ವಲ್ಪ ಒಡಕು, ಮಾತಿನ ನಡುವೆ ನಗುವ ಅಭ್ಯಾಸ. ಕೊನೆಯ ದೃಶ್ಯದಲ್ಲಿ ಅವಳು ಚಕ್ರ ತಿರುಗಿಸುತ್ತಾಳೆ. ಕ್ಯಾಸೆಟ್ಟಿನಲ್ಲಿ ಕತ್ತರಿಸಿಹೋಗಿದ್ದ ಎಡಬದಿಯಲ್ಲಿ ದೋಣಿಯ ಹಿಂಭಾಗ, ಚುಕ್ಕಾಣಿ ಹಿಡಿದ ಅವನ ಕೈ. ಅವನು ಗೇಟಿನ ಒಳಗಿದ್ದ. ಪರದೆ ಕಪ್ಪಾದ ಮೇಲೂ ಎರಡು ಕ್ಷಣ ನೀರು ಧುಮುಕುವ ಸದ್ದು ಕೇಳಿಸಿತು, ಆಮೇಲೆ ಕತ್ತರಿಸಿದಂತೆ ನಿಂತಿತು. ನೀರು ಇಳಿಯುತ್ತಿತ್ತು. ಶರಣಪ್ಪ ಹೇಳಿದ್ದು ಅದೇ.

ಆಗ ನಾನು ಏನು ಮಾಡಬೇಕಾಗಿತ್ತು ಎಂಬುದು ನಿಮಗೂ ಗೊತ್ತು. ನಾನು ಮಾಡಿದ್ದು ಇಷ್ಟು: ಹೆಡ್‌ಫೋನ್ ತೆಗೆದಿಟ್ಟೆ. ಆ ಮೂರು ವಾಕ್ಯಗಳನ್ನು ಮುಂದೆಯೂ ಓದಿದೆ, ನಿವೃತ್ತಿಯಾಗುವ ತನಕ. ಬರೆದಿಟ್ಟದ್ದು ಸಿದ್ಧವಿತ್ತು, ಚಪ್ಪಾಳೆ ಬೀಳುತ್ತಿತ್ತು, ವರದಿ ಅಚ್ಚಾಗಿತ್ತು. ತಂಗಿಗೆ ಹೇಳಬೇಕೆಂದು ಅನಿಸಿತೇ? ದಿನಚರಿಯಲ್ಲಿ ಆ ವಾರದ ಪುಟಗಳು ಖಾಲಿ ಇವೆ. ಖಾಲಿ ಬಿಡುವುದು ನನ್ನ ರೂಢಿಯಲ್ಲ.

ಕಂಪೌಂಡರ್ ಅಷ್ಟರಲ್ಲಿ ಬೇರೆ ಉಡಕಿ ಮಾಡಿಕೊಂಡಿದ್ದರು. ಅವರ ಮಗಳ ಮದುವೆಗೆ ಜಂಪರುಗಳನ್ನು ಹೊಲಿದದ್ದು ಕಸ್ತೂರಿಯೇ. ಯಡ್ರಾಮಿಯಿಂದ ಜೇವರ್ಗಿಗೆ ಅವರೇ ಬಟ್ಟೆ ತಂದುಕೊಟ್ಟರಂತೆ. ಇದನ್ನು ಅವಳು ಹೇಳಿದ್ದು ಫೋನಿನಲ್ಲಿ, ಬೇರೆ ಯಾವುದೋ ಮಾತಿನ ನಡುವೆ. "ಅಳತಿ ಬರೋಬ್ಬರಿ ಬಂತು" ಎಂದಳು.

ಈ ವರ್ಷ ಪುಣೆಯಲ್ಲಿರುವ ಹಳೆಯ ಸಹೋದ್ಯೋಗಿಯೊಬ್ಬರು ದುರಸ್ತಿ ಮಾಡಿದ ಹೊಸ ಡಿಸ್ಕನ್ನು ಕೊಟ್ಟರು. ಮೂರನ್ನೂ ಮುಂದಿಟ್ಟುಕೊಂಡು ಒಂದು ವಾರದ ಮಧ್ಯಾಹ್ನಗಳನ್ನು ಕಳೆದೆ. ಹಳೆಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು, ಆದರೂ ಓಡಿತು. ಹೊಸ ಡಿಸ್ಕಿನಲ್ಲಿ ಚಿತ್ರ ತೊಂಬತ್ತೆಂಟು ನಿಮಿಷ ಪೂರ್ತಿ ಇದೆ. ಗೇಟಕ್ಕನ ಕೈಯ ಮೇಲಿನ ಬಿರುಕುಗಳೂ ಕಾಣುತ್ತವೆ. ಜೊತೆಗಿದ್ದ ಪುಸ್ತಿಕೆ ಓದಿದೆ: ಹೊರದೇಶಗಳಿಗೆ ಕಳಿಸುವ ಪ್ರತಿಯಲ್ಲಿ ಹಂಚಿಕೆದಾರರು ಕೊನೆಯನ್ನು ಕತ್ತರಿಸಿದ್ದರಂತೆ. ಗಂಡನಿರುವ ಹೆಣ್ಣು ಹಾಗೆ ಮಾಡುವುದು ಹೊರಗಿನ ಮಂದಿಗೆ ಹಿಡಿಸುವುದಿಲ್ಲವೆಂದು. ನಮ್ಮ ಕ್ಯಾಸೆಟ್ಟು, ಡಿ.ವಿ.ಡಿ. ಎರಡೂ ಆ ಕತ್ತರಿಸಿದ ಪ್ರತಿಯಿಂದ ಆದವು. ಯಾವುದೋ ದೇಶದಲ್ಲಿ ಯಾರೋ ಟವೆಲು ಹಾಕಿದ್ದರು. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ.

ಕೊನೆಯ ಮೂರು ನಿಮಿಷ ಹೀಗಿವೆ. ಮೇಲಿನ ಗೇಟು ಮುಚ್ಚುತ್ತದೆ. ನೀರು ಇಳಿಯುತ್ತದೆ. ದೋಣಿ ನಿಧಾನವಾಗಿ ಕೆಳಗೆ ಹೋಗುತ್ತದೆ, ಅವನು ಕತ್ತೆತ್ತಿ ನೋಡುತ್ತಾ ಸಣ್ಣವನಾಗುತ್ತಾನೆ. ಅವಳು ಕೆಳಗಿನ ಗೇಟು ತೆಗೆಯುತ್ತಾಳೆ. ಕೈ ಒರೆಸಿಕೊಳ್ಳುತ್ತಾಳೆ. ಆಮೇಲೆ ಗೋಡೆಗೆ ಹೊಡೆದ ಕಬ್ಬಿಣದ ನಿಚ್ಚಣಿಕೆ ಹಿಡಿದು, ಹಿಂದೆ ತಿರುಗಿ ಒಂದೊಂದೇ ಮೆಟ್ಟಿಲು ಇಳಿದು, ದೋಣಿಯೊಳಗೆ ಕಾಲಿಡುತ್ತಾಳೆ. ಗೇಟು ತೆರೆದೇ ಇರುತ್ತದೆ. ದೋಣಿ ಹೋಗುತ್ತದೆ.

ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಜೇವರ್ಗಿಗೆ ಹೋದೆ. ಕಸ್ತೂರಿ ಹೊಲಿಗೆ ಯಂತ್ರದ ಮುಂದೆಯೇ ಕೂತು ಇಡೀ ಚಿತ್ರ ನೋಡಿದಳು. ನಾನು ಏನೂ ಓದಲಿಲ್ಲ, ವಿವರಿಸಲಿಲ್ಲ. ಫ್ರೆಂಚ್ ಮಾತು ಹಾಗೇ ಕೇಳಿಸುತ್ತಿತ್ತು. "ಮಾತ್ ತಿಳೀದಿದ್ರೂ ನಡೀತದ, ನೀ ಸುಮ್ಮ ಕೂಡು" ಎಂದಳು. ಕೊನೆ ಬಂತು. ನೀರು ಇಳಿಯಿತು. ಗೇಟಕ್ಕ ನಿಚ್ಚಣಿಕೆ ಇಳಿದಳು.

"ಇದು ಅವತ್ತಿಂದೇ ಸಿನಿಮಾ?"

"ಅದೇ. ಅವತ್ತು ಇಷ್ಟು ಇರ್ಲಿಲ್ಲ. ಕತ್ತರಿಸಿದ್ರು."

"ಮತ್ತ ಹಿಂದಕ ತಿರುಗ್ಸು."

ತಿರುಗಿಸಿದೆ. ನಿಚ್ಚಣಿಕೆಯ ಭಾಗವನ್ನಷ್ಟೇ ಮೂರು ಸಲ ನೋಡಿದಳು. ಕನ್ನಡಕ ಹಣೆಗೇರಿಸಿ ಹೇಳಿದಳು. "ಲಂಗ ಇತ್ತಂತ ಇಳದ್ಲು ನೋಡು. ಸೀರಿ ಉಟ್ಟಿದ್ರ ಕಾಲಿಗಿ ತೊಡರ್ತಿತ್ತು." ಆಮೇಲೆ ಚಹಾ ಇಟ್ಟಳು. ಚಹಾ ಕುಡಿಯುವಾಗ ಗಿರಾಕಿಯೊಬ್ಬಳು ಬಂದು ಕುಪ್ಪಸದ ತೋಳು ಬಿಗಿಯಾಗಿದೆಯೆಂದು ಜಗಳ ತೆಗೆದಳು. ಕಸ್ತೂರಿ ನಗುತ್ತಲೇ, "ತೋಳ್ ದಪ್ಪ ಆಗ್ಯಾವ ತಂಗಿ, ಕುಪ್ಪಸ ಅಷ್ಟೇ ಅದ" ಎಂದು ಅವಳನ್ನು ಸಾಗಹಾಕಿದಳು.

ನಾನು ಅಲ್ಲಿಂದ ಎದ್ದು ಬರಬಹುದಿತ್ತು. ಬರಲಿಲ್ಲ, ಅವಳಿಗೆ ಒಂದು ಪ್ರಶ್ನೆ ಕೇಳಿದೆ. ಇಂಥ ಪ್ರಶ್ನೆ ಯಾರಿಗಾಗಿ ಕೇಳುತ್ತೇವೆ? ಅವಳಿಗಾಗಿ ಅಲ್ಲ. ಸಿನಿಮಾಕ್ಕೂ ಅದಕ್ಕೂ ಏನು ಸಂಬಂಧ ಯಕ್ಕಾ, ನನಗೇ ಬೇಡಾಗಿತ್ತು ಎಂದು ಅವಳು ಹೇಳಲಿ, ನಾನು ಹಗುರಾಗಿ ಬಸ್ ಹತ್ತಲಿ ಎಂಬ ಆಸೆಯಿಂದಲೇ ಕೇಳಿದೆ. ಅವಳು ಯಂತ್ರದ ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದು ಸಲ ತಪ್ಪಿತು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಮತ್ತೆ ಪೋಣಿಸಿದಳು, ತುಳಿಯತೊಡಗಿದಳು. ಯಂತ್ರದ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ನಾಲ್ಕು ದಿನ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಫೋನಿನಲ್ಲಿ ಇನ್ನೊಮ್ಮೆ ಕೇಳಿದೆ. ಆ ಕಡೆ ಯಂತ್ರದ ಸದ್ದಿರಲಿಲ್ಲ. ಅವಳು, "ಮಳಿ ಆತೇನ್ ಅಲ್ಲಿ?" ಎಂದಳು.

ನಾನು ಕೇಳಿದ್ದು ಇಷ್ಟೇ: "ಕಸ್ತೂರಿ, ಅವತ್ತು ಬಸ್ ಸ್ಟ್ಯಾಂಡಿನ ದಾರ್ಯಾಗ ನೀ ಕೇಳ್ದಾಗ, ಆಕಿ ಅಂವನ ಸಂಗಾಟ ಹೋದ್ಲು ಅಂತ ನಾ ಹೇಳಿದ್ರ, ನೀ ಯಡ್ರಾಮಿಗಿ ಹೋಗ್ತಿದ್ದೇನು?"